ಮೀನು ಮುಳ್ಳು ತಾಗಿ ಕೀವಾದರೆ ಬಿಳಿ ರಕ್ತಕಣ ಸೋತ ಹಾಗೆಯಾ?

ಬಂದರ್‌ದಾಯೆ: ಬಂಗುಡೆ ಕ್ಲೀನ್ ಮಾಡುವಾಗ ಭಾವನ ಹೆಬ್ಬೆರಳಿಗೆ ಮುಳ್ಳು ಹೊಕ್ಕಿತು. ಮೂರನೇ ದಿನಕ್ಕೆ ಕೆಂಪಾಗಿ ಬಾತು ಕೀವು. ರಿಪೋರ್ಟಲ್ಲಿ ಡಬ್ಲ್ಯುಬಿಸಿ (ಬಿಳಿ ರಕ್ತಕಣ) 13,800. ಇಷ್ಟು ಸೈನ್ಯ ಇದ್ದು ಎಂತ ಪ್ರಯೋಜನ ಮಾರಾಯ್ರೆ?

ಲ್ಯಾಬಿನಕ್ಕ: ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೇ. ಗಾಯವಾಗಿ ಕೆಲವೇ ಗಂಟೆಯಲ್ಲಿ ರಕ್ತನಾಳದ ಗೋಡೆ ಹಿಡಿದು, ಸಂದಿಯಲ್ಲಿ ನುಸುಳಿ ಹೊರಬಂದು, ಬ್ಯಾಕ್ಟೀರಿಯಾ ನುಂಗಿ ಸಾಯುತ್ತವೆ. ಒಂದೆರಡು ದಿನದಲ್ಲಿ ಮೊನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಬಂದು ಮ್ಯಾಕ್ರೊಫೇಜ್ (ನುಂಗುವ ದೊಡ್ಡ ಕಣ) ಆಗಿ ಉಳಿದದ್ದನ್ನು ತಿಂದು ಮುಗಿಸುತ್ತವೆ. ಸೋತದ್ದೆಲ್ಲಿ? ಮುಳ್ಳಿನ ತುಂಡು ಒಳಗೆ ಉಳಿದಿದೆಯಾ, ಅದನ್ನು ಡಾಕ್ಟರಿಗೆ ತೋರಿಸಿ.

ಮಲ್ಪೆ ಬೋಟು: ಬಂಗುಡೆ ಮುಳ್ಳಿಗೆ ಅಷ್ಟು ಬಾವಾ? ಅದು ತೇಡೆ (ಕ್ಯಾಟ್‌ಫಿಶ್). ತೇಡೆ ಮುಳ್ಳಲ್ಲಿ ವಿಷ ಉಂಟು, ಆಗಲೇ ಬಿಸಿನೀರಲ್ಲಿ ಕೈ ಅದ್ದಬೇಕಿತ್ತು.

ಬಂದರ್‌ದಾಯೆ: ದಕ್ಕೆಯಿಂದ ಮೀನು ತಂದವ ನಾನು. ತೇಡೆ ಯಾವುದೆಂದು ನನಗೆ ಗೊತ್ತಿಲ್ಲವಾ?

ಮಲ್ಪೆ ಬೋಟು: ತಂದವರು ನೀವು, ಕ್ಲೀನ್ ಮಾಡಿದ್ದು ಭಾವ. ಚೀಲದಲ್ಲಿ ಬೇರೆ ಎಂತದೂ ಇರಲಿಲ್ಲವಾ?

ನಿವೃತ್ತ ಮಾಸ್ಟ್ರು: ಬಾವು ಬರಲು ವಿಷವೇ ಬೇಕೆಂದಿಲ್ಲ. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಬೆಳಗಾಗುವಾಗ ಕಣಗಳು ಮುಳ್ಳನ್ನು ಮುತ್ತಿದ್ದವು. 1908ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಸುಮ್ಮನೆ ಅಲ್ಲ.

ಮಲ್ಪೆ ಬೋಟು: ನಕ್ಷತ್ರಮೀನು ಮೀನೇ ಅಲ್ಲ ಮಾಸ್ಟ್ರೇ. ಬಲೆಯಿಂದ ತೇಡೆ ಬಿಡಿಸಿದವರನ್ನು ಕೇಳಿ, ತಾಗಿದ ಕೂಡಲೇ ಉರಿ ಮೊಣಕೈವರೆಗೆ ಏರುತ್ತದೆ.

ಲ್ಯಾಬಿನಕ್ಕ: ನೀವೇ ಹೇಳಿದಿರಿ, ಕೂಡಲೇ. ಇವರ ಭಾವನಿಗೆ ಬಾತದ್ದು ಮೂರನೇ ದಿನ!

ಮಲ್ಪೆ ಬೋಟು: ತೇಡೆ ಮುಳ್ಳಿಗೂ ಆಮೇಲೆ ಕೀವಾಗುತ್ತದೆ. ಎಸಿಯಲ್ಲಿ ಕೂತು ಬೋಟಿನವರಿಗೆ ಪಾಠ ಬೇಡ.

ಕದ್ರಿಗುಡ್ಡೆ: 13,800 ಕಂಡ ಕೂಡಲೇ ಇನ್‌ಫೆಕ್ಷನ್ ಅಂತ ಹೊರಡಬೇಡಿ. ಅಮ್ಮನಿಗೆ ದಮ್ಮಿಗೆ ಸ್ಟೀರಾಯ್ಡ್ ಕೊಟ್ಟಾಗಲೂ ಏರಿತ್ತು. ಬಾವು ಇಳಿಸುವ ಮಾತ್ರೆಯೇ ಕಣ ಏರಿಸುವುದಾದರೆ ಈ ಟೆಸ್ಟೇ ವೇಸ್ಟು.

ಲ್ಯಾಬಿನಕ್ಕ: ನಾಳದ ಗೋಡೆಗೆ ಅಂಟಿಕೊಂಡ ನ್ಯೂಟ್ರೋಫಿಲ್‌ಗಳನ್ನು ಸ್ಟೀರಾಯ್ಡ್ ಬಿಡಿಸಿ ಹರಿಯುವ ರಕ್ತಕ್ಕೆ ತರುತ್ತದೆ. ಲೆಕ್ಕ ಏರುತ್ತದೆ, ಗಾಯಕ್ಕೆ ತಲುಪುವುದು ಮಾತ್ರ ಕಡಿಮೆ. ಭಾವ ಸ್ಟೀರಾಯ್ಡ್ ತಗೊಳ್ತಾರಾ?

ಕದ್ರಿಗುಡ್ಡೆ: ಹಾಗಾದರೆ ಡೆಂಗ್ಯೂ ಬಂದಾಗ ಯಾಕೆ ಇಳಿಯುತ್ತದೆ? ಅದಕ್ಕೆ ಉತ್ತರ ಕೊಡಿ ಮೊದಲು.

ಬಂದರ್‌ದಾಯೆ: ಭಾವನಿಗೆ ಫೋನ್ ಮಾಡಿದೆ. ಸ್ಟೀರಾಯ್ಡ್ ಇಲ್ಲ, ತೇಡೆಯೂ ಇಲ್ಲ. ಚೀಲದಲ್ಲಿ ಎರಡು ಏಡಿ ಇತ್ತಂತೆ, ಅಷ್ಟೆ.

ಮಲ್ಪೆ ಬೋಟು: ಅಂದರೆ ಬೇರೆ ಇತ್ತು ಅಂತ ಒಪ್ಪಿದಿರಿ.