ಬ್ರಿಟನ್ನಿನ ಸೊಮಾಲಿಗಳು ನಿನ್ನೆ ಮೊನ್ನೆ ಬಂದವರಾ?

ಕಡಲಮೀನು: ಬ್ರಿಟನ್ನಿನಲ್ಲಿರುವ ಸೊಮಾಲಿಗಳು ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು. ಅದಕ್ಕೂ ಹಿಂದಿನ 'ನಾವಿಕರ ಇತಿಹಾಸ' ಅಂತ ಸುಮ್ನೆ ದೊಡ್ಡದು ಮಾಡ್ತಾರೆ ಅನ್ಸುತ್ತೆ.

ಮಳೆಹನಿ: ಹಾಗೆ ಬಂದವರೇ ಜಾಸ್ತಿ, ಒಪ್ಪಿದೆ. ಆದರೆ ವೇಲ್ಸ್‌ನ ಕಾರ್ಡಿಫ್‌ನ ಟೈಗರ್ ಬೇ ಅನ್ನೋ ಬಂದರು ಕೇರಿಯಲ್ಲಿ 19ನೇ ಶತಮಾನದ ಕೊನೆಗೇ ಸೊಮಾಲಿಗಳು ಇದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗುಗಳು ಕಲ್ಲಿದ್ದಲಿಗಾಗಿ ಯೆಮನ್ ತೀರದ ಏಡನ್‌ನಲ್ಲಿ ನಿಲ್ಲುತ್ತಿದ್ದವು. ಎದುರು ದಡದ ಸೊಮಾಲಿ ಬಂದರು ಬೆರ್ಬೆರಾ ಕಡೆಯ ಹುಡುಗರು ಕೊಲ್ಲಿ ದಾಟಿ ಬಂದು ಅಲ್ಲೇ ಹಡಗು ಹತ್ತಿದರು. ಅಂದಹಾಗೆ, ಬ್ರಿಟಿಷ್ ಸೊಮಾಲಿಲ್ಯಾಂಡ್ 1898ರವರೆಗೆ ಬ್ರಿಟಿಷ್ ಇಂಡಿಯಾದ ಆಡಳಿತದಲ್ಲೇ ಇತ್ತು. ಏಡನ್ ಅಂತೂ 1937ರವರೆಗೆ.

ಇಂಜಿನ್ ರೂಮ್ ಮಾಮ: ನಾನು ಡೀಸೆಲ್ ಹಡಗಿನವನು. ಆ ಸೆಕೆಗೇ ಸಾಕಾಗಿ ಹೋಗುತ್ತಿತ್ತು. ಇವರದ್ದು ಕಲ್ಲಿದ್ದಲ ಕಾಲ. ಟ್ರಿಮ್ಮರ್ ಆದವನು ಹಡಗಿನ ಕಲ್ಲಿದ್ದಲು ಉಗ್ರಾಣವಾದ ಬಂಕರ್‌ನಿಂದ ಕಲ್ಲಿದ್ದಲು ಹೊತ್ತು ತಂದು ಕುಲುಮೆ ಮುಂದೆ ಸುರಿಯಬೇಕು. ಫೈರ್‌ಮನ್ ಅದನ್ನು ಸಲಿಕೆಯಲ್ಲಿ ಎತ್ತಿ ಬೆಂಕಿಗೆ ಎಸೆಯಬೇಕು, ಉದ್ದನೆ ಕಬ್ಬಿಣದ ಕೋಲಿನಿಂದ ಕೆದಕಬೇಕು, ಬೂದಿ ಎಳೆಯಬೇಕು. ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು, ಮತ್ತೆ ಪಾಳಿ. 'ಬಿಸಿಲ ನಾಡಿನವರು, ತಡ್ಕೊಳ್ತಾರೆ' ಅನ್ನೋದು ಕಂಪನಿಗಳ ಮಾತು. ಆ ಬೆಂಕಿ ಮುಂದೆ ಯಾವ ನಾಡಿನವನಾದರೇನು ಸ್ವಾಮಿ?

ಕಡಲಮೀನು: ಕಷ್ಟದ ಕೆಲಸ ಸರಿ. ಸಂಬಳ ಬಂತಲ್ಲ? ಅನ್ಯಾಯ ಎಲ್ಲಿ?

ಮಳೆಹನಿ: 1919ರಲ್ಲಿ ನೋಡಿ. ಮೊದಲ ಮಹಾಯುದ್ಧ ಮುಗಿದು ಸೈನಿಕರು ವಾಪಸ್ ಬಂದರು, ಕೆಲಸ ಕಡಿಮೆಯಾಯಿತು. ಕಾರ್ಡಿಫ್, ಲಿವರ್‌ಪೂಲ್, ಸೌತ್ ಶೀಲ್ಡ್ಸ್‌ನಲ್ಲಿ ಕಪ್ಪು ಜನರ, ಅರಬರ ಮೇಲೆ ದಾಳಿ ನಡೆಯಿತು. 1925ರಲ್ಲಿ ಬಂದ ಆದೇಶ ಇನ್ನೂ ಕೆಟ್ಟದ್ದು. ಬ್ರಿಟಿಷ್ ಪ್ರಜೆ ಅಂತ ಕಾಗದ ತೋರಿಸದ ಬಿಳಿಯನಲ್ಲದ ನಾವಿಕ ಪೊಲೀಸರ ಬಳಿ ವಿದೇಶಿ ಅಂತ ನೋಂದಾಯಿಸಿಕೊಳ್ಳಬೇಕು. ಸೊಮಾಲಿಲ್ಯಾಂಡಿನವರು 'ಸಂರಕ್ಷಿತರು' ಮಾತ್ರ, ಪ್ರಜೆಗಳಲ್ಲ. ಕುಲುಮೆಗೆ ಬೇಕು, ಕಾಗದಕ್ಕೆ ಬೇಡ.

ನಿಷ್ಠುರಿ: ಸರ್ಕಾರವನ್ನಷ್ಟೇ ಬೈದರೆ ಆಯ್ತಾ? ನಾವಿಕರ ಯೂನಿಯನ್ನೇ ಹಿಂದೆ ನಿಂತಿತ್ತು. 1930ರಲ್ಲಿ ಅರಬರು, ಸೊಮಾಲಿಗಳಿಗಷ್ಟೇ ಹಡಗಿನ ಕೆಲಸಕ್ಕೆ ಬೇರೆ ಸರದಿ ಪಟ್ಟಿ ಮಾಡಿದರು. ಸೌತ್ ಶೀಲ್ಡ್ಸ್‌ನ ಮಿಲ್ ಡ್ಯಾಮ್‌ನಲ್ಲಿ ಗಲಾಟೆಯಾಯಿತು, ಯೆಮನಿ ಅರಬರು ಗಡೀಪಾರಾದರು. ಕಾರ್ಮಿಕರೆಲ್ಲ ಒಂದೇ ಅನ್ನೋದು ಭಾಷಣಕ್ಕೆ ಚೆನ್ನ.

ಇಂಜಿನ್ ರೂಮ್ ಮಾಮ: ಯೂನಿಯನ್ನಿಗೆ ಭಯ ಇತ್ತು ಮಾರಾಯ್ರೇ. ನಮ್ಮ ಲಸ್ಕರರನ್ನು, ಅಂದರೆ ಭಾರತದ ನಾವಿಕರನ್ನು, ಕಂಪನಿಗಳು ಕಡಿಮೆ ಸಂಬಳಕ್ಕೆ ಒಯ್ಯುತ್ತಿದ್ದವು. ಆದರೆ ಬ್ರಿಟಿಷ್ ಬಂದರಿನಲ್ಲೇ ಸಹಿ ಹಾಕಿದ ಸೊಮಾಲಿಗೆ ಅಲ್ಲಿಯ ದರವೇ ಸಿಗುತ್ತಿತ್ತು. ಅವನನ್ನು ಹೊರಗಿಟ್ಟರೆ ಯಾರ ಸಂಬಳ ಉಳಿಯಿತು?

ಮಳೆಹನಿ: ಮಹಮೂದ್ ಮತ್ತನ್ ಕತೆ ಗೊತ್ತಲ್ವಾ? ಸೊಮಾಲಿಲ್ಯಾಂಡಿನ ಹರ್ಗೈಸಾದ ನಾವಿಕ, ಕಾರ್ಡಿಫ್‌ನಲ್ಲಿ ಮದುವೆಯಾಗಿ ಮೂರು ಮಕ್ಕಳಿದ್ದವನು. ಅಂಗಡಿಯವಳೊಬ್ಬಳ ಕೊಲೆ ಆರೋಪ ಅವನ ಮೇಲೆ ಬಂತು. ಅವನ ಪರ ವಾದಿಸಬೇಕಾದ ವಕೀಲನೇ ಕೋರ್ಟಿನಲ್ಲಿ ಅವನನ್ನು 'ಅರೆ ನಾಗರಿಕ ಕಾಡುಮನುಷ್ಯ' ಎಂಬರ್ಥದಲ್ಲಿ ವರ್ಣಿಸಿದ. 1952ರ ಸೆಪ್ಟೆಂಬರ್ 3ರಂದು ನೇಣು. 1998ರಲ್ಲಿ ಮೇಲ್ಮನವಿ ಕೋರ್ಟು ಆ ತೀರ್ಪು ರದ್ದು ಮಾಡಿತು.

ಕಡಲಮೀನು: ಘೋರ. ಆದರೂ ಒಂದು ಕೇಸು ಸಮುದಾಯದ ಇತಿಹಾಸ ಆಗಲ್ಲ.

ನಿಷ್ಠುರಿ: ಆಗಲ್ಲ, ಸರಿ. ಹಾಗಾದರೆ ನಾವಿಕರು ತಂಗುತ್ತಿದ್ದ ಬೋರ್ಡಿಂಗ್ ಹೌಸ್‌ಗಳನ್ನು ನೋಡಿ. ಕೆಲಸವಿಲ್ಲದವನಿಗೆ ಊಟ, ಹಾಸಿಗೆ ಸಾಲದ ಮೇಲೆ. ಮುಂದಿನ ಹಡಗಿನ ಸಂಬಳ ಬಂದಾಗ ತೀರಿಸಬೇಕು. ಊರಿನ ಸುದ್ದಿ, ಯಾವ ಹಡಗಿಗೆ ಜನ ಬೇಕು ಅನ್ನೋದು, ಎಲ್ಲ ಅಲ್ಲೇ. ಕೆಲಸ ಕೊಡಿಸಲು ಲಂಚ ತಿಂದ ಮಾಲೀಕರೂ ಇದ್ದರು, ಅದನ್ನೂ ಬರೆದುಕೊಳ್ಳಿ.