ಮರ ಕಡಿಯುವ ಕೆಲಸಕ್ಕೆ ಸಾಲ: ಉದ್ಯಮ್‌ನಲ್ಲಿ ಕೋಡೇ ತಗೊಳ್ತಿಲ್ಲ

ಮುಳಶಿ_ದಿಮ್ಮಿ:
ಪುಣೆ ಪಕ್ಕ ಮುಳಶಿ, ಭೋರ್ ಕಡೆ ರೈತರ ಬದುವಿನ ನೀಲಗಿರಿ, ಸುಬಾಬುಲ್ ಗುತ್ತಿಗೆ ಹಿಡಿದು, ಕಡಿದು ಭವಾನಿ ಪೇಠೆ ಟಿಂಬರ್ ಮಾರ್ಕೆಟ್‌ಗೆ ಹಾಕೋ ಕೆಲಸ. ಎರಡು ಚೈನ್ ಸಾ, ಟ್ರ್ಯಾಕ್ಟರ್-ಟ್ರಾಲಿ, ಜೊತೆಗೊಂದು ಸಣ್ಣ ಬ್ಯಾಂಡ್ ಸಾ (ದಿಮ್ಮಿ ಸೀಳೋ ಪಟ್ಟಿ ಗರಗಸ) ಹಾಕಬೇಕು. ಒಟ್ಟು 12 ಲಕ್ಷ. ಅಡ ಇಡೋಕೆ ಏನೂ ಇಲ್ಲ. ಪಿಎಂಇಜಿಪಿಗೆ (ಕೇಂದ್ರದ ಸಬ್ಸಿಡಿ ಸಾಲ) ಹಾಕೋದಾ, ಮುದ್ರಾಗಾ (ಅಡ ಬೇಡದ ಸಣ್ಣ ಉದ್ದಿಮೆ ಸಾಲ)? ಉದ್ಯಮ್‌ನಲ್ಲಿ (ಸಣ್ಣ ಉದ್ದಿಮೆ ನೋಂದಣಿ ಪೋರ್ಟಲ್) ಲಾಗಿಂಗ್, ಅಂದ್ರೆ ಮರ ಕಡಿತದ ಕೋಡ್ ಹಾಕಿದ್ರೆ ಮುಂದೆ ಹೋಗ್ತಾನೇ ಇಲ್ಲ.

ಲೆಕ್ಕದ_ವಹಿ:
ಪೋರ್ಟಲ್ ಕೆಟ್ಟಿಲ್ಲ ಸರ್. ಎನ್‌ಐಸಿ (ಉದ್ದಿಮೆಗಳ ಸರ್ಕಾರಿ ವರ್ಗೀಕರಣ) ವಿಭಾಗ 02, ಅಂದ್ರೆ ಅರಣ್ಯ ಮತ್ತು ಮರ ಕಡಿತ, ಎಂಎಸ್‌ಎಂಇ (ಸಣ್ಣ ಉದ್ದಿಮೆ) ಪಟ್ಟಿಯಿಂದಲೇ ಹೊರಗಿದೆ. ಉದ್ಯಮ್ ಇಲ್ಲ ಅಂದ್ಮೇಲೆ ಸಿಜಿಟಿಎಂಎಸ್‌ಇ (ಅಡ ಇಲ್ಲದ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡೋ ನಿಧಿ) ಗ್ಯಾರಂಟಿ ಕೇಳೋಕೂ ದಾರಿ ಇಲ್ಲ. ಹಾಗಾಗಿ 12 ಲಕ್ಷಾನ ಒಂದೇ ಅರ್ಜೀಲಿ ತುರುಕಬೇಡಿ.

ಟ್ರ್ಯಾಕ್ಟರ್-ಟ್ರಾಲಿ ಬಾಡಿಗೆ ಸಾಗಣೆಗೆ ಅಂತಾದ್ರೆ ಮುದ್ರಾದಲ್ಲಿ ಬರುತ್ತೆ. ಅದರ ಹಂತಗಳಲ್ಲಿ ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. 20 ಲಕ್ಷದ ತರುಣ್ ಪ್ಲಸ್ ನಿಮಗಲ್ಲ, ಹಿಂದೆ ತರುಣ್ ತಗೊಂಡು ತೀರಿಸಿದವರಿಗೆ ಮಾತ್ರ. ಮುದ್ರಾಕ್ಕೆ ಅಡ ಬೇಡ, ಅದರ ಗ್ಯಾರಂಟಿ ನಿಧಿ ಬೇರೆ.

ನಾಟಾ_ಕಟ್ಟಿಗೆ:
16101 ಹಾಕಿಬಿಡಿ, ಮರ ಕೊಯ್ಯುವ ಕೋಡ್. ಅದು ಉತ್ಪಾದನೆ, ಉದ್ಯಮ್ ಸಲೀಸಾಗಿ ಬರುತ್ತೆ.

ಗರಗಸ_ಪುಣೆ:
ಬರುತ್ತೆ, ಆದ್ರೆ ಸಾ ಮಿಲ್ ಲೈಸೆನ್ಸ್ ಎಲ್ಲಿ? ಗೋದಾವರ್ಮನ್ ಅರಣ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಗಿ ಮಾಡಿದ ಮೇಲೆ ಹೊಸ ಮಿಲ್ ಮನಸ್ಸಿಗೆ ಬಂದ ಹಾಗೆ ಹಾಕೋ ಹಾಗಿಲ್ಲ. 2016ರ ಕೇಂದ್ರ ಮಾರ್ಗಸೂಚಿ ಪ್ರಕಾರ ರಾಜ್ಯ ಮಟ್ಟದ ಸಮಿತಿ ಮರದ ಲಭ್ಯತೆ ನೋಡಿ ಒಪ್ಪಬೇಕು. ಊರಿನ ದಿಮ್ಮಿ ಸೀಳೋ ಬ್ಯಾಂಡ್ ಸಾ ಎಷ್ಟು ಸಣ್ಣದಾದ್ರೂ ಲೈಸೆನ್ಸ್ ಬೇಕೇ ಬೇಕು. ಅದಿಲ್ಲದೆ ಸಾಲ ಮಂಜೂರಾದ್ರೆ ಇನ್ನೂ ಕಷ್ಟ: ಯಂತ್ರ ಸೀಲ್ ಆಗುತ್ತೆ, ಕಂತು ನಿಲ್ಲಲ್ಲ.

ಲೈಸೆನ್ಸ್ ಬೇಡದ ದಾರಿ ಒಂದಿದೆ. ದಿಮ್ಮಿ ಬಿಟ್ಟು, ಬ್ಯಾಂಡ್ ಸಾ, ರೀ-ಸಾ (ಕೊಯ್ದದ್ದನ್ನ ಮತ್ತೆ ಸೀಳೋ ಗರಗಸ) ಇಲ್ಲದೆ, ವೃತ್ತ ಗರಗಸ 30 ಸೆಂ.ಮೀ. ವ್ಯಾಸ ದಾಟದ ಹಾಗೆ, ಕೊಯ್ದ ಹಲಗೆ ಕೊಂಡು ಪ್ಯಾಲೆಟ್ (ಸರಕು ಇಡೋ ಮರದ ಅಡಿಹಲಗೆ), ಪ್ಯಾಕಿಂಗ್ ಪೆಟ್ಟಿಗೆ ಮಾಡೋದು. ಚಾಕಣ್ ಫ್ಯಾಕ್ಟರಿಗಳ ಪಕ್ಕ ಇದಕ್ಕೆ ಗಿರಾಕಿ ಹುಡುಕಬೇಕಿಲ್ಲ. ಪಿಎಂಇಜಿಪಿಗೂ ಇದೇ ಸರಿ.

ಲೆಕ್ಕದ_ವಹಿ:
ಹೌದು. ಪಿಎಂಇಜಿಪಿ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ, ಉತ್ಪಾದನೆಗೆ 50 ಲಕ್ಷದವರೆಗೆ. ಹಳ್ಳಿಯಲ್ಲಿ, ಸಾಮಾನ್ಯ ವರ್ಗ, 12 ಲಕ್ಷ ಅಂತಿಟ್ಟುಕೊಳ್ಳಿ: ನಿಮ್ಮ ಕೈಯಿಂದ 10%, 1.2 ಲಕ್ಷ. ಬ್ಯಾಂಕ್ 10.8 ಲಕ್ಷ. ಸಬ್ಸಿಡಿ 25%, ಅಂದ್ರೆ 3 ಲಕ್ಷ. ಪೇಟೆಯಲ್ಲಾದ್ರೆ 15%. ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿಗೆ ಹಳ್ಳಿಯಲ್ಲಿ 35%, ಪೇಟೆಯಲ್ಲಿ 25%, ಕೈಯಿಂದ 5% ಸಾಕು. 3 ಲಕ್ಷ ಕೈಗೆ ಬರಲ್ಲ, 3 ವರ್ಷ ಟಿಡಿಆರ್‌ನಲ್ಲಿ (ಬ್ಯಾಂಕಿನ ಅವಧಿ ಠೇವಣಿ) ಕೂತಿರುತ್ತೆ. ಆ 3 ಲಕ್ಷದಷ್ಟು ಸಾಲಕ್ಕೆ ಬಡ್ಡಿ ಇಲ್ಲ. ಜಾಗದ ಬೆಲೆ ಪ್ರಾಜೆಕ್ಟ್‌ನಲ್ಲಿ ಸೇರಿಸೋ ಹಾಗಿಲ್ಲ. ಉತ್ಪಾದನೆಯಲ್ಲಿ 10 ಲಕ್ಷ ದಾಟಿದ್ರೆ 8ನೇ ತರಗತಿ ಪಾಸಾಗಿರಬೇಕು. ಮಂಜೂರಾತಿಗೆ ಮುಂಚೆ ಯಂತ್ರ ಕೊಂಡು ಬಿಲ್ ತಂದು ಕೊಡಬೇಡಿ, ಬರೀ ಕೊಟೇಷನ್.

ಗರಗಸ_ಪುಣೆ:
ಟ್ರಾಲಿ ಸಾಲಕ್ಕೆ ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಎಲ್ಲರೂ ತಪ್ಪೋದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ಮುಳಶಿ ಇಳಿಜಾರಲ್ಲಿ ಟ್ರಾಲಿ ಇಳಿಯಲ್ಲ, ಆದಾಯ 12 ತಿಂಗಳಿಗೆ ತೋರಿಸಿರ್ತಾರೆ. 8 ತಿಂಗಳಿಗೆ ಬರೆದು, ಆ ಪ್ರಕಾರವೇ ಕಂತು ಕೇಳಿ. ಚೈನ್ ಸಾದ ಚೈನ್, ಬಾರ್, ಸ್ಪ್ರಾಕೆಟ್ ಸವೆತ, ಟೂ-ಸ್ಟ್ರೋಕ್ ಆಯಿಲ್ (50:1 ಆದ್ರೆ ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ.) ಇವನ್ನ 'ಇತರೆ' ಅಂತ ಮುಚ್ಚಿಹಾಕಬೇಡಿ. ಚೈನ್ ಸಾ ಎರಡನ್ನೂ ಕೈದುಡ್ಡಲ್ಲೇ ತಗೊಳ್ಳಿ.

ರೈತನ ಸಾತ್‌ಬಾರಾ ಉತಾರ (ನಮ್ಮ ಪಹಣಿ ಥರ ಜಮೀನು ದಾಖಲೆ), ಕಡಿಯೋ ಅನುಮತಿ (1964ರ ಮರ ಕಡಿತ ಕಾಯ್ದೆಯ ಪಟ್ಟಿಯಲ್ಲಿರೋ ಜಾತಿ ಆದ್ರೆ), ಸಾಗಣೆ ಪಾಸ್ ಬೇಕಾದ ಜಾತಿಗೆ ಪಾಸ್. ಇವುಗಳ ಪ್ರತಿ ಫೈಲಲ್ಲಿಡಿ. ನಾಳೆ ನಾಕಾದಲ್ಲಿ ಗಾಡಿ ಹಿಡಿದ್ರೂ ಇದೇ ಫೈಲ್ ತೋರಿಸಬೇಕು.

ಮುಳಶಿ_ದಿಮ್ಮಿ:
ಬ್ಯಾಂಡ್ ಸಾ ಬಿಟ್ಟೆ. ಟ್ರಾಲಿಗೆ ಮುದ್ರಾ, ಪ್ಯಾಲೆಟ್‌ಗೆ ಪಿಎಂಇಜಿಪಿ. ಎರಡೂ ಒಟ್ಟಿಗೆ ಹಾಕಬಹುದಾ?

ಲೆಕ್ಕದ_ವಹಿ:
ಮೊದಲು ಪಿಎಂಇಜಿಪಿ. ಟ್ರಾಲಿ ಕಂತು ಮೊದಲೇ ಶುರುವಾದ್ರೆ ಸಿಬಿಲ್‌ನಲ್ಲಿ (ಸಾಲದ ಇತಿಹಾಸದ ದಾಖಲೆ) ಕಾಣುತ್ತೆ, ಎರಡನೇ ಬ್ಯಾಂಕ್ ಅದನ್ನ ಕಳೆದೇ ಲೆಕ್ಕ ಹಾಕುತ್ತೆ.