ಗೇಮ್‌ನಲ್ಲಿ ಬಟನ್ ತಡ, ಸಿನಿಮಾದಲ್ಲಿ ಕಪ್ಪೆಲ್ಲ ಬೂದು: ಹೊಸ ಪ್ರೊಜೆಕ್ಟರ್ ತಗೊಳ್ಳಲೇಬೇಕಾ?

ಬಟನ್ ಒತ್ತಿದವ:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಒಂದು 1080ಪಿ ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ) ಪ್ರೊಜೆಕ್ಟರ್ ಬಳಸುತ್ತಿದ್ದೇನೆ, ಲ್ಯಾಂಪ್ ಇರೋದು. ಬಿಳಿ ಗೋಡೆ ಮೇಲೆ ಸುಮಾರು 100 ಇಂಚಿನ ಚಿತ್ರ. ಈಗ ಎರಡು ತಲೆನೋವು.

ಒಂದು, ಫುಟ್‌ಬಾಲ್ ಗೇಮ್‌ನಲ್ಲಿ ನಾನು ಬಟನ್ ಒತ್ತಿದ ಮೇಲೆ ಆಟಗಾರ ಸ್ವಲ್ಪ ಯೋಚನೆ ಮಾಡಿ ಆಮೇಲೆ ಒದೆಯುತ್ತಾನೆ. ಅದೇ ಕನ್ಸೋಲನ್ನು ಮಾನಿಟರ್‌ಗೆ ಹಾಕಿದರೆ ಏನೂ ತೊಂದರೆ ಇಲ್ಲ. ಎರಡು, ಸಿನಿಮಾದಲ್ಲಿ ರಾತ್ರಿ ದೃಶ್ಯ ಬಂದರೆ ಕಪ್ಪು ಕಪ್ಪಾಗಿರಲ್ಲ, ತೊಳೆದ ಬೂದು ಬಣ್ಣ.

ಇದನ್ನು ಕೊಟ್ಟು 4ಕೆ ಲೇಸರ್ ತಗೊಂಡು 120 ಇಂಚು ಮಾಡೋಣ ಅಂತಿದ್ದೇನೆ. ಲುಮೆನ್, ಅಂದರೆ ಪ್ರೊಜೆಕ್ಟರ್ ಬೆಳಕಿನ ಅಳತೆ, ಜಾಸ್ತಿ ಇದ್ದರೆ ಕಪ್ಪು ಸರಿಹೋಗುತ್ತಾ? ಗೋಡೆಯಿಂದ ಗೋಡೆಗೆ 3.4 ಮೀಟರ್ ಇದೆ. ಪ್ರೊಜೆಕ್ಟರ್ ಸೋಫಾ ಪಕ್ಕದ ಸ್ಟೂಲ್ ಮೇಲೆ ಓರೆಯಾಗಿದೆ, ಕೀಸ್ಟೋನ್ ಹಾಕಿ ಚಿತ್ರ ನೇರ ಮಾಡಿಕೊಂಡಿದ್ದೇನೆ.

ಹಳೇ ಲ್ಯಾಂಪ್:
ಕೊನೇ ಸಾಲಿನಲ್ಲೇ ನಿಮ್ಮ ಅರ್ಧ ಉತ್ತರ ಇದೆ ಸರ್. ಕೀಸ್ಟೋನ್ ಅಂದರೆ ಲೆನ್ಸ್ ಅಲುಗಾಡೋದಲ್ಲ. ಬಂದ ಚಿತ್ರವನ್ನು ಒಳಗಿನ ಚಿಪ್ ಹಿಡಿದಿಟ್ಟುಕೊಂಡು, ಎಳೆದು ಬಗ್ಗಿಸಿ, ಆಮೇಲೆ ಹೊರಗೆ ಬಿಡುತ್ತದೆ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ 16.7 ಮಿಲಿಸೆಕೆಂಡ್. ಕೀಸ್ಟೋನಿಗೆ ಒಂದೆರಡು ಫ್ರೇಮ್, ಮೋಷನ್ ಸ್ಮೂದಿಂಗ್‌ಗೆ (ಚಲನೆ ನಯವಾಗಿ ಕಾಣಲು ನಡುವೆ ಫ್ರೇಮ್ ಸೇರಿಸೋದು) ಇನ್ನೊಂದಷ್ಟು ಹೋದರೆ ಕೈಗೆ ಗೊತ್ತಾಗೇ ಆಗುತ್ತದೆ. ಕೆಲವು ಮಾದರಿಗಳಲ್ಲಿ ಕೀಸ್ಟೋನ್ ಆನ್ ಇದ್ದರೆ ತಡ ಕಡಿಮೆ ಮಾಡುವ ಗೇಮ್ ಮೋಡ್ ಕೆಲಸವೇ ಮಾಡಲ್ಲ. ಮೆನುವಿನಲ್ಲಿ ಸುಮ್ನೆ ಆನ್ ಅಂತ ತೋರಿಸುತ್ತಿರುತ್ತದೆ, ಅಷ್ಟೇ.

ಇವತ್ತು ರಾತ್ರಿ ಹೀಗೆ ಮಾಡಿ. ಕೀಸ್ಟೋನ್ ಸೊನ್ನೆಗೆ ತನ್ನಿ, ಚಿತ್ರ ಸೊಟ್ಟ ಆದರೂ ಪರವಾಗಿಲ್ಲ. ಮೋಷನ್ ಸ್ಮೂದಿಂಗ್ ಆಫ್, ಗೇಮ್ ಮೋಡ್ ಆನ್. ಫೋನಿನಲ್ಲಿ 240 ಫ್ರೇಮ್‌ನ ಸ್ಲೋ ಮೋಷನ್ ಇದ್ದರೆ ಬೆರಳೂ ಗೋಡೆಯೂ ಒಟ್ಟಿಗೆ ಕಾಣುವ ಹಾಗೆ ವಿಡಿಯೋ ತೆಗೆಯಿರಿ. ಬಟನ್ ಒಳಗೆ ಹೋದ ಫ್ರೇಮಿನಿಂದ ಆಟಗಾರನ ಕಾಲು ಅಲುಗಿದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ ಸುಮಾರು 4.2 ಮಿಲಿಸೆಕೆಂಡ್. ಮಾನಿಟರ್ ಜೊತೆಗೂ ಹಾಗೇ ಮಾಡಿ. ಕನ್ಸೋಲ್ ಮತ್ತು ಗೇಮ್ ತಿನ್ನುವ ಸಮಯ ಎರಡರಲ್ಲೂ ಒಂದೇ, ನಮಗೆ ಬೇಕಾಗಿರೋದು ವ್ಯತ್ಯಾಸ.

ಬಟನ್ ಒತ್ತಿದವ:
ಎಣಿಸಿದೆ. ಮಾನಿಟರ್ 18. ಪ್ರೊಜೆಕ್ಟರ್ ಮೊದಲಿದ್ದ ಹಾಗೆ 47! ಕೀಸ್ಟೋನ್ ತೆಗೆದು ಗೇಮ್ ಮೋಡ್ ಹಾಕಿದ ಮೇಲೆ 22. ಅಂದರೆ ಸುಮಾರು 120 ಮಿಲಿಸೆಕೆಂಡ್ ವ್ಯತ್ಯಾಸ 17ಕ್ಕೆ ಇಳಿಯಿತು. ನಾಲ್ಕು ವರ್ಷ ಸುಮ್ನೆ ಸೋತೆ.

ಈ ಕಪ್ಪಿನ ಕಥೆ ಏನು?

ಕತ್ತಲೆ ಕೋಣೆ:
ಅದಕ್ಕೆ ಲುಮೆನ್ ಔಷಧ ಅಲ್ಲ. ಲುಮೆನ್ ಜಾಸ್ತಿ ಆದರೆ ಬಿಳಿಯ ಜೊತೆ ಕಪ್ಪೂ ಬೆಳಗುತ್ತದೆ. ಮೊದಲು ಬೂದು ಎಲ್ಲಿಂದ ಬರುತ್ತಿದೆ ಅಂತ ಹಿಡಿಯೋಣ.

ಲೈಟೆಲ್ಲ ಆರಿಸಿ, ಪೂರ್ತಿ ಕಪ್ಪು ಇರುವ ಒಂದು ಫೋಟೋ ಹಾಕಿ. ಒಂದು ರಟ್ಟನ್ನು ಲೆನ್ಸಿನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು, ತೆಗೆದು ನೋಡಿ. ಗೋಡೆ ಎರಡೂ ಸಲ ಒಂದೇ ಥರ ಇದ್ದರೆ ಹೊರಗಿನ ಬೆಳಕು ಬರುತ್ತಿದೆ, ಕಿಟಕಿ ಪರದೆ ಎಳೀರಿ. ರಟ್ಟು ಹಿಡಿದಾಗ ಚೆನ್ನಾಗಿ ಕತ್ತಲಾದರೆ ಬೂದು ಪ್ರೊಜೆಕ್ಟರಿಂದಲೇ ಬರುತ್ತಿದೆ.

ಹಾಗಿದ್ದರೂ ಅದನ್ನು ಬಯ್ಯುವ ಮುಂಚೆ ಎಚ್‌ಡಿಎಂಐ ರೇಂಜ್ ನೋಡಿ, ಅಂದರೆ ಕೇಬಲ್‌ನಲ್ಲಿ ಕಪ್ಪು-ಬಿಳಿಗೆ ಯಾವ ಸಂಖ್ಯೆ ಹೋಗುತ್ತಿದೆ ಅಂತ. ಸಿನಿಮಾ ವಿಡಿಯೋದಲ್ಲಿ ಕಪ್ಪು 16, ಬಿಳಿ 235, ಇದು ಲಿಮಿಟೆಡ್. ಕಂಪ್ಯೂಟರ್ ಲೆಕ್ಕದಲ್ಲಿ 0ಯಿಂದ 255, ಇದು ಫುಲ್. ಕನ್ಸೋಲ್ ಲಿಮಿಟೆಡ್ ಕಳಿಸುತ್ತಿದ್ದು ಪ್ರೊಜೆಕ್ಟರ್ ಫುಲ್ ಅಂದುಕೊಂಡಿದ್ದರೆ 16 ಅನ್ನೋದು ಅದಕ್ಕೆ ಕಪ್ಪೇ ಅಲ್ಲ, ಗಾಢ ಬೂದು. ಉಲ್ಟಾ ಆದರೆ ಕತ್ತಲಿನ ಭಾಗಗಳೆಲ್ಲ ಮಸಿ ಬಳಿದ ಹಾಗೆ ಮುಚ್ಚಿಹೋಗುತ್ತವೆ. ಎರಡೂ ಕಡೆ ಒಂದೇ ಇರಬೇಕು, ಅಷ್ಟೇ.

ಬಟನ್ ಒತ್ತಿದವ:
ಕನ್ಸೋಲ್ ಲಿಮಿಟೆಡ್, ಪ್ರೊಜೆಕ್ಟರ್ ಫುಲ್. ಸರಿ ಮಾಡಿದೆ. ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಭಾಗ ಬಿಳಿ ಛಾವಣಿಯದು ಅನ್ನಿಸುತ್ತೆ. ಬೆಳಕಿನ ದೃಶ್ಯ ಬಂದಾಗ ಇಡೀ ಕೋಣೆ ಟ್ಯೂಬ್‌ಲೈಟ್ ಹಾಕಿದ ಹಾಗಾಗುತ್ತದೆ. ಆದರೂ ಲ್ಯಾಂಪ್ 3,800 ಗಂಟೆ ಓಡಿದೆ, ಮಂಕಾಗಿದೆ. ಹೊಸದು ತಗೊಳ್ಳೋದೇ ಆದರೆ ಏನು ನೋಡಲಿ?

ಹಳೇ ಲ್ಯಾಂಪ್:
ಮೊದಲು ಟೇಪ್ ತಗೊಳ್ಳಿ. ಮಾದರಿಗಳ ಪಟ್ಟಿ ಆಮೇಲೆ.

ಥ್ರೋ ರೇಶಿಯೋ ಅಂದರೆ ಲೆನ್ಸಿನಿಂದ ಗೋಡೆಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಸಂಖ್ಯೆ. 120 ಇಂಚು ಅನ್ನೋದು ಮೂಲೆಯಿಂದ ಮೂಲೆಗೆ, ಅಗಲ 2.66 ಮೀಟರ್. ನಿಮ್ಮ 3.4 ಮೀಟರಿನಲ್ಲಿ ಪ್ರೊಜೆಕ್ಟರ್ ಮೈ, ಹಿಂದಿನ ಕೇಬಲ್, ಬಿಸಿ ಗಾಳಿಗೆ ಜಾಗ ಅಂತ 40 ಸೆಂಟಿಮೀಟರ್ ಕಳೆಯಿರಿ. ಉಳಿದದ್ದು 3. ಮೂರನ್ನು 2.66ರಿಂದ ಭಾಗಿಸಿದರೆ 1.13. ಲೆನ್ಸ್ ಅಷ್ಟಕ್ಕೆ ಇಳಿಯದಿದ್ದರೆ 120 ಬರಲ್ಲ. 1.5ರ ಲೆನ್ಸ್ ತಂದರೆ 90 ಇಂಚಿಗೇ ನಿಂತುಬಿಡುತ್ತೀರಿ. ನಾನು ಮೊದಲ ಸಲ ಮಾಡಿದ್ದು ಅದನ್ನೇ, ಡಬ್ಬ ಬಿಚ್ಚಿದ ಮೇಲೆ ಲೆಕ್ಕ ಹಾಕಿದೆ.

ಇನ್ನು ಬೆಳಕು. ಡಿಜಿಟಲ್ ಚಿತ್ರಮಂದಿರದ ಪರದೆಗೆ ಇಟ್ಟ ಅಳತೆ 48 ನಿಟ್ (ಪರದೆ ಎಷ್ಟು ಹೊಳೆಯುತ್ತೆ ಅನ್ನೋದರ ಅಳತೆ). ಸಾದಾ ಬಿಳಿ ಪರದೆಯಲ್ಲಿ 120 ಇಂಚಿಗೆ ಅಷ್ಟು ಬರಲು ಸುಮಾರು 600 ಲುಮೆನ್ ಸಾಕು. ಆದರೆ ಆ 600 ಸಿನಿಮಾ ಮೋಡ್‌ನಲ್ಲಿ ಬರಬೇಕು. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಹಸಿರು ಹೊಡೆಯುವ ಅತಿ ಬೆಳಕಿನ ಮೋಡ್‌ನದು. ಅದೂ ಎಎನ್‌ಎಸ್‌ಐ ಅಥವಾ ಐಎಸ್‌ಒ ಲುಮೆನ್ (ಗೊತ್ತುಪಡಿಸಿದ ವಿಧಾನದಲ್ಲಿ ಅಳೆದದ್ದು) ಅಂತ ಬರೆದಿದ್ದರೆ ಮಾತ್ರ ಹೋಲಿಸಿ. ಬರೀ ಲುಮೆನ್ ಅಂತ ಇದ್ದರೆ ಅದು ಜಾಹೀರಾತು. ಹಗಲಲ್ಲಿ ಕಿಟಕಿ ತೆರೆದು ಆಡುವವರಾದರೆ ಲೆಕ್ಕ ಬೇರೆ, ಆಗ ಜಾಸ್ತಿ ಲುಮೆನ್ ಬೇಕೇ ಬೇಕು.

ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಕು ಅನ್ನೋದು) ನೋಡುವಾಗ ನೇಟಿವ್, ಅಂದರೆ ದೀಪ ಮಂಕು ಮಾಡದೆ ಬರೋದು, ಎಷ್ಟು ಅಂತ ಕೇಳಿ. ಡೈನಮಿಕ್ ಅಂತ ಲಕ್ಷಗಟ್ಟಲೆ ಬರೆದಿರೋದು ಲೇಸರನ್ನೇ ಮಂಕು ಮಾಡಿ ತೋರಿಸುವ ಸಂಖ್ಯೆ. ಕತ್ತಲಲ್ಲಿ ಒಂದು ದೀಪ ಉರಿಯುವ ದೃಶ್ಯದಲ್ಲಿ ಅದರ ಆಟ ನಡೆಯಲ್ಲ.

ಕತ್ತಲೆ ಕೋಣೆ:
ಗೇಮಿಗೆ ಒಂದು ಮಾತು. ಲ್ಯಾಗ್, ಅಂದರೆ ಆ ಬಟನ್ ತಡ, ಒಂದೇ ಸಂಖ್ಯೆ ಅಲ್ಲ. 4ಕೆ 60ರಲ್ಲಿ ಒಂದು, 1080ಪಿ 120ರಲ್ಲಿ ಇನ್ನೊಂದು. ಜಾಹೀರಾತಿನಲ್ಲಿ ಹಾಕೋದು ಅತಿ ಕಡಿಮೆ ಇರೋದನ್ನು. ನೀವು ಆಡುವ ಮೋಡ್‌ನದು ಎಷ್ಟು ಅಂತ ನೋಡಿ. 4ಕೆ 120 ಹರ್ಟ್ಸ್ ಬೇಕಾದರೆ ಎಚ್‌ಡಿಎಂಐ 2.1 ಇರಬೇಕು, ಜೊತೆಗೆ ಪ್ರೊಜೆಕ್ಟರ್ ಅದನ್ನು ಒಪ್ಪುತ್ತೆ ಅಂತ ಮ್ಯಾನುಯಲ್‌ನಲ್ಲಿ ಬರೆದಿರಬೇಕು. ಅನೇಕ 4ಕೆ ಡಿಎಲ್‌ಪಿಗಳ ಒಳಗಿರೋದು 1920×1080 ಚಿಪ್ಪೇ. ಒಂದು ಫ್ರೇಮಿನಲ್ಲಿ ನಾಲ್ಕು ಸಲ ಜರುಗಿಸಿ 4ಕೆ ತೋರಿಸುತ್ತವೆ. ಸಿನಿಮಾಗೆ ಚೆನ್ನಾಗೇ ಇರುತ್ತೆ, ಮೋಸ ಅಂತ ನಾನು ಹೇಳಲ್ಲ.

ಮಳೆಬಿಲ್ಲು:
ಮನೆಯವರನ್ನೂ ಕೂರಿಸಿ ನೋಡಿ. ಡಿಎಲ್‌ಪಿಯಲ್ಲಿ ಬಣ್ಣಗಳು ಒಂದಾದ ಮೇಲೊಂದು ಬರುತ್ತವೆ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರದಿಂದ ಕಣ್ಣು ಸರಿಸಿದಾಗ ಕೆಲವರಿಗೆ ಕೆಂಪು-ಹಸಿರು-ನೀಲಿ ಚೂರು ಮಿಂಚುತ್ತದೆ. ನನಗೆ ಏನೂ ಕಾಣಲ್ಲ, ನನ್ನಾಕೆಗೆ ಹತ್ತು ನಿಮಿಷಕ್ಕೆ ತಲೆನೋವು. ಕೊನೆಗೆ ಮೂರೂ ಬಣ್ಣ ಒಟ್ಟಿಗೆ ತೋರಿಸುವ 3ಎಲ್‌ಸಿಡಿಗೆ ಹೋದೆವು.

ಬಟನ್ ಒತ್ತಿದವ:
ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ 120 ಇಂಚು ಅಳೆದೆ. ಬಲಗಡೆ ಅಂಚಿನ ಒಳಗೆ ಸ್ವಿಚ್‌ಬೋರ್ಡ್ ಬಂತು, ಅದು ಹೀರೋ ಭುಜದ ಮೇಲೆ ಕೂರುತ್ತದೆ. 106ಕ್ಕೆ ಇಳಿಸಿದೆ, ಅಗಲ 2.35 ಮೀಟರ್, ರೇಶಿಯೋ 1.28. ಇಷ್ಟಕ್ಕೆ ಹೊಂದುವ ಲೆನ್ಸ್ ಹುಡುಕೋದು ಸುಲಭ ಅಲ್ವಾ?

ಸದ್ಯಕ್ಕೆ ಹಳೇ ಪ್ರೊಜೆಕ್ಟರನ್ನೇ ಸೋಫಾ ಹಿಂದೆ ನಟ್ಟನಡುವೆ ಶೆಲ್ಫ್ ಹಾಕಿ ತಲೆಕೆಳಗಾಗಿ ಕೂರಿಸಿದ್ದೇನೆ, ಕೀಸ್ಟೋನ್ ಸೊನ್ನೆ. ಹೊಸ ಲ್ಯಾಂಪ್ ತರಿಸಿದ್ದೇನೆ, ಪರದೆ ಹತ್ತಿರದ ಛಾವಣಿಗೆ ಗಾಢ ಬಣ್ಣ ಹೊಡೆಸಬೇಕು. ಒಂದೇ ಸಮಸ್ಯೆ, ಈಗ ಫ್ಯಾನ್ ಸರಿಯಾಗಿ ಕಿವಿ ಹಿಂದೆ ಬಂದಿದೆ.

ಹಳೇ ಲ್ಯಾಂಪ್:
ಇಕೋ ಮೋಡ್ ಹಾಕಿ ನೋಡಿ. ಹೊಸ ಲ್ಯಾಂಪ್ ಅಲ್ವಾ, ಬೆಳಕು ಸಾಲುತ್ತದೆ. ಗಾಳಿ ಬರುವ ಜಾಲರಿಯಲ್ಲಿ ಧೂಳಿದ್ದರೆ ಅದನ್ನೂ ಬ್ರಷ್‌ನಲ್ಲಿ ತೆಗೀರಿ.